ಸಂಕ ದಾಟುವಾಗ ಮಾತನಾಡಿಸಬೇಡಿ

ಮೆದುಳಿನ ಮಾತು ಬಂದಾಗಲೆಲ್ಲ ನಮ್ಮ ಕೈ ಹಣೆಯ ಕಡೆಗೆ ಹೋಗುತ್ತದೆ. ಬುದ್ಧಿ ಇರುವುದು ಅಲ್ಲಿ, ಬ್ರಹ್ಮ ಬರೆದದ್ದು ಅಲ್ಲಿ, ಏನಾದರೂ ಮರೆತರೆ ಚಚ್ಚಿಕೊಳ್ಳುವುದೂ ಅಲ್ಲಿಗೇ. ತಲೆಯ ಹಿಂಬದಿಯನ್ನು, ಹೆಂಗಸರು ತುರುಬು ಕಟ್ಟುವ ಜಾಗದ ಕೆಳಗನ್ನು, ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ದೀಪಾವಳಿಯ ಎಣ್ಣೆಸ್ನಾನ ಬಿಟ್ಟರೆ ಆ ಭಾಗಕ್ಕೆ ವರ್ಷವಿಡೀ ಯಾರ ಉಪಚಾರವೂ ಇಲ್ಲ. ಕಿರುಮೆದುಳು ಇರುವುದು ಅಲ್ಲಿ.

ತೂಕದಲ್ಲಿ ಅದು ಇಡೀ ಮೆದುಳಿನ ಹತ್ತನೆಯ ಒಂದು ಭಾಗ. ಒಂದೂವರೆ ನೂರು ಗ್ರಾಂ ಆಸುಪಾಸು. ಆದರೆ 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಮನುಷ್ಯನ ಮೆದುಳಿನ ನರಕೋಶಗಳ ಲೆಕ್ಕ ಕೊಟ್ಟಾಗ ಹೊರಬಿದ್ದ ಸಂಖ್ಯೆಗಳು ಬೇರೆಯದೇ ಕಥೆ ಹೇಳಿದವು. ಒಟ್ಟು ಸುಮಾರು 8,600 ಕೋಟಿ ನರಕೋಶಗಳು. ಅವುಗಳಲ್ಲಿ 6,900 ಕೋಟಿ ಈ ಪುಟ್ಟ ಮುದ್ದೆಯೊಳಗೇ ಇವೆ. ನಾವು ಹಣೆ ಮುಟ್ಟಿಕೊಂಡು ಹೆಮ್ಮೆಪಡುವ ದೊಡ್ಡ ಮೆದುಳಿನ ಹೊರಪದರದ ಪಾಲಿಗೆ ಸಿಕ್ಕಿದ್ದು 1,600 ಕೋಟಿ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಕಿರುಮೆದುಳಿಗೆ ಸಲ್ಲುತ್ತಿದ್ದ ಗೌರವ ಒಂದೇ ಸಾಲಿನದು: ಅನುಮಸ್ತಿಷ್ಕವು ದೇಹದ ಸಮತೋಲನವನ್ನು ಕಾಪಾಡುತ್ತದೆ. ಒಂದು ಅಂಕದ ಪ್ರಶ್ನೆ. ಬರೆದವನಿಗೂ ಬೇಸರ, ತಿದ್ದಿದವನಿಗೂ ಬೇಸರ.

ನಿವೃತ್ತಿಯ ನಂತರ ನನ್ನ ವಾರಗಳು ಶಿವಮೊಗ್ಗಕ್ಕೂ ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗಿರುವ ದೊಡ್ಡಮ್ಮನ ಊರಿಗೂ ಹಂಚಿಹೋಗಿವೆ. ಅಲ್ಲಿರುವವರೆಲ್ಲ ವಯಸ್ಸಾದವರೇ. ಕಿರಿಯರೆಂದು ಕರೆಸಿಕೊಳ್ಳುವ ನನಗೂ ಅರವತ್ತು ದಾಟಿದೆ. ರೋಗವೇನೂ ಇಲ್ಲದ, ಬೆಳಿಗ್ಗೆ ಎದ್ದು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ, ಊಟ ನಿದ್ದೆ ಸರಿಯಾಗಿರುವ ಮುದುಕರ ನಡುವೆ ಇದ್ದು ಇದ್ದು ಆ ಒಂದು ಅಂಕದ ಪ್ರಶ್ನೆ ನನ್ನನ್ನು ಮತ್ತೆ ಹಿಡಿದುಕೊಂಡಿತು. ಆರೋಗ್ಯವಂತ ಮುಪ್ಪಿನಲ್ಲಿ ನಿಜವಾಗಿ ಕಡಿಮೆಯಾಗುವುದು ಏನು? ಕಾಲಿನ ಬಲವೇ, ನೆನಪೇ, ಧೈರ್ಯವೇ?

ನನಗೆ ಸಿಕ್ಕ ಉತ್ತರಗಳಲ್ಲಿ ಎಲ್ಲಕ್ಕಿಂತ ಚೊಕ್ಕವಾದದ್ದು ಮುದುಕರ ಬಾಯಿಂದ ಬಂದದ್ದಲ್ಲ. ಗೋರ್ಡನ್ ಹೋಮ್ಸ್ ಎಂಬ ವೈದ್ಯ ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಕೂಲಂಕಷವಾಗಿ ಪರೀಕ್ಷಿಸಿ, ಕಿರುಮೆದುಳಿಗೆ ಪೆಟ್ಟು ಬಿದ್ದರೆ ಏನೇನಾಗುತ್ತದೆ ಎಂಬುದನ್ನು 1917ರಿಂದ ಮುಂದೆ ಹಲವು ವರ್ಷ ಬರೆದವನು. ಅವನ ರೋಗಿಯೊಬ್ಬ ಹೇಳಿದ್ದರ ಸಾರ ಇಷ್ಟು: ನನ್ನ ಎಡಗೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ನಾನು ಯೋಚಿಸಿ ಮಾಡಬೇಕು, ತಿರುಗಬೇಕಾದಲ್ಲಿ ಪೂರ್ತಿ ನಿಂತು, ಯೋಚಿಸಿ, ಆಮೇಲೆ ಮುಂದುವರಿಯಬೇಕು. ಕಿರುಮೆದುಳಿನ ಬಲಭಾಗ ನೋಡಿಕೊಳ್ಳುವುದು ದೇಹದ ಬಲಭಾಗವನ್ನೇ. ಅವನ ಪೆಟ್ಟು ಬಲಕ್ಕೆ ಬಿದ್ದಿತ್ತು; ಎಡಗೈ ಎಂದಿನಂತೆಯೇ ಇತ್ತು. ಒಂದೇ ದೇಹದಲ್ಲಿ ಎರಡೂ ಸ್ಥಿತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ದುರದೃಷ್ಟ ಅವನಿಗೆ ಒದಗಿತ್ತು.

ಅದಕ್ಕೂ ಒಂದು ಶತಮಾನದಷ್ಟು ಹಿಂದೆ, 1824ರಲ್ಲಿ, ಪಿಯರ್ ಫ್ಲೊರೆನ್ಸ್ ಎಂಬ ಫ್ರೆಂಚ್ ವಿಜ್ಞಾನಿ ಪಾರಿವಾಳಗಳ ಕಿರುಮೆದುಳನ್ನು ತೆಗೆದು ನೋಡಿದ್ದ. ಹಕ್ಕಿಗಳಿಗೆ ಪಾರ್ಶ್ವವಾಯು ಬಡಿಯಲಿಲ್ಲ, ಕಣ್ಣು ಕಿವಿ ಸರಿಯಾಗಿದ್ದವು, ಹಾರಬೇಕೆಂಬ ಆಸೆಯೂ ಇತ್ತು. ರೆಕ್ಕೆ ಕಾಲುಗಳ ಹೊಂದಾಣಿಕೆ ಮಾತ್ರ ಕೈಕೊಟ್ಟಿತ್ತು. ಬಲವಿದೆ, ಇಚ್ಛೆಯಿದೆ, ಜೋಡಣೆಯಿಲ್ಲ. ನಮ್ಮ ಪಠ್ಯಪುಸ್ತಕದ ಆ ಒಂದು ಸಾಲು ಹುಟ್ಟಿದ್ದು ಅಲ್ಲಿಂದ. ಅದು ತಪ್ಪಲ್ಲ, ಆದರೆ ಇನ್ನೂರು ವರ್ಷ ಅಲ್ಲೇ ನಿಂತುಬಿಟ್ಟಿದೆ.

ಕಿರುಮೆದುಳು ಮಾಡುವ ಕೆಲಸ ಮುಖ್ಯವಾಗಿ ಮುನ್ನಂದಾಜು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟಿರಿ ಎನ್ನಿ. ಅಂಗಾಲು ಜಾರಿದ ಸುದ್ದಿ ಮೇಲೆ ಮೆದುಳಿಗೆ ಮುಟ್ಟಿ, ಅಲ್ಲಿಂದ ಸ್ನಾಯುಗಳಿಗೆ ಆಜ್ಞೆ ಇಳಿದು ಬರುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಕಳೆದಿರುತ್ತದೆ. ಬೀಳುವುದಕ್ಕೆ ಅದು ಧಾರಾಳ ಸಮಯ. ಆದ್ದರಿಂದ ದೇಹ ಸುದ್ದಿಗಾಗಿ ಕಾಯುವುದಿಲ್ಲ. ಕಾಲು ಎತ್ತುವ ಆಜ್ಞೆ ಹೊರಟಾಗಲೇ ಅದರ ಒಂದು ಪ್ರತಿ ಕಿರುಮೆದುಳಿಗೂ ಹೋಗುತ್ತದೆ. ಈ ಹೆಜ್ಜೆಯ ಫಲ ಹೀಗಿರಬೇಕು ಎಂದು ಅದು ಮುಂಚೆಯೇ ಅಂದಾಜು ಕಟ್ಟುತ್ತದೆ, ನಿಜವಾಗಿ ಆದದ್ದರ ಜೊತೆ ತಾಳೆ ನೋಡುತ್ತದೆ, ವ್ಯತ್ಯಾಸ ಕಂಡರೆ ಮುಂದಿನ ಹೆಜ್ಜೆಯ ಅಂದಾಜನ್ನು ತಿದ್ದುತ್ತದೆ. ಯಾವುದೂ ನಮ್ಮ ಅರಿವಿಗೆ ಬರುವುದಿಲ್ಲ. ಬಾರದಿರುವುದೇ ಅದರ ಉಪಕಾರ.

ಈ ತಿದ್ದುವ ಕೆಲಸದ ಕೇಂದ್ರದಲ್ಲಿರುವುದು ಪುರ್ಕಿಂಜೆ ಕೋಶಗಳು. 1837ರಲ್ಲಿ ಅವುಗಳನ್ನು ವರ್ಣಿಸಿದ ಚೆಕ್ ವಿಜ್ಞಾನಿಯ ಹೆಸರೇ ಅವಕ್ಕೆ ಉಳಿದಿದೆ. ನಮ್ಮ ಧರೆಯ ಅಂಚಿನಲ್ಲಿ ಮಳೆಗಾಲಕ್ಕೆ ಏಳುವ ಜರಿಗಿಡದ ಎಲೆಯನ್ನು ಪುಸ್ತಕದ ನಡುವೆ ಒತ್ತಿಟ್ಟರೆ ಹೇಗಿರುತ್ತದೆಯೋ ಹಾಗೆ ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಕವಲೊಡೆದ ಕೋಶ ಅದು. ಒಂದೊಂದಕ್ಕೂ ಲಕ್ಷಕ್ಕೂ ಮಿಕ್ಕಿದ ಸಣ್ಣ ನಾರುಗಳಿಂದ ಸುದ್ದಿ ಬರುತ್ತದೆ. ಹಬ್ಬಿ ಸುತ್ತಿಕೊಳ್ಳುವ ಇನ್ನೊಂದು ಬಗೆಯ ನಾರು ಮಾತ್ರ ಒಂದೇ ಒಂದು, ಅದು ತಪ್ಪಿನ ಸುದ್ದಿ ತರುತ್ತದೆ. ತಪ್ಪಾದಾಗ ಯಾವ ಸಂಪರ್ಕಗಳು ಕಾರಣವೋ ಅವು ದುರ್ಬಲಗೊಳ್ಳುತ್ತವೆ. ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ ಇಂಥ ಕಲಿಕೆಯ ಲೆಕ್ಕಾಚಾರವನ್ನು ಕಾಗದದ ಮೇಲೆ ಊಹಿಸಿದರು. ಜಪಾನಿನ ಮಸಾವೊ ಇಟೊ 1980ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ಕಿರುಮೆದುಳಿನ ಹೊರಪದರದಿಂದ ಹೊರಗೆ ಹೋಗುವ ಮಾತೆಲ್ಲ ಪುರ್ಕಿಂಜೆ ಕೋಶಗಳ ಮೂಲಕವೇ ಹೋಗಬೇಕು, ಬೇರೆ ಬಾಗಿಲಿಲ್ಲ. ಮೇಲಾಗಿ ಆ ಮಾತು ಯಾವಾಗಲೂ ತಡೆಯುವ ಮಾತು, ಬೇಡ ಎನ್ನುವ ಮಾತು. ಬೇಡದ್ದನ್ನು ಕೆತ್ತಿ ತೆಗೆದರೆ ಉಳಿಯುವುದೇ ಚಂದದ ಚಲನೆ.

ವಯಸ್ಸಾದಂತೆ ಕಡಿಮೆಯಾಗುವವುಗಳಲ್ಲಿ ಈ ಕೋಶಗಳೂ ಸೇರಿವೆ. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಎಣಿಕೆಯೊಂದಿದೆ. ನರರೋಗವಿಲ್ಲದೆ ತೀರಿಕೊಂಡ, ಬೇರೆ ಬೇರೆ ವಯಸ್ಸಿನ ಗಂಡಸರ ಕಿರುಮೆದುಳನ್ನು ಅವರು ಪರೀಕ್ಷಿಸಿದ್ದರು. ಚಲನೆಗೆ ಹೆಚ್ಚು ಸಂಬಂಧಿಸಿದ ಮುಂದಿನ ಹಾಲೆಯಲ್ಲಿ, ವಯಸ್ಸಾದವರಲ್ಲಿ ಪುರ್ಕಿಂಜೆ ಕೋಶಗಳು ಶೇಕಡಾ 40ರಷ್ಟು ಕಡಿಮೆ ಇದ್ದವು. ಅವುಗಳಿಗೆ ಸುದ್ದಿ ಒದಗಿಸುವ ಕಣಕೋಶಗಳೂ ಅಷ್ಟೇ. ಕಡಿಮೆಯಾದದ್ದು ಎಲ್ಲೆಡೆ ಒಂದೇ ಸಮನಲ್ಲ, ಮುಖ್ಯವಾಗಿ ಆ ಹಾಲೆಯಲ್ಲಿ. ಆ ಗಂಡಸರು ರೋಗಿಗಳಲ್ಲ ಎಂಬುದನ್ನು ಮತ್ತೆ ಹೇಳುತ್ತಿದ್ದೇನೆ. ಅಂಥ ನಷ್ಟವನ್ನು ಹೊತ್ತುಕೊಂಡೂ ಅವರು ಅಡುಗೆ ಮಾಡಿ, ಮೆಟ್ಟಿಲು ಹತ್ತಿ ಇಳಿದು ಬದುಕಿದ್ದರು. ಹಾಗಾದರೆ ಕಳೆದುಹೋದ ಕೋಶಗಳ ಕೆಲಸ ಯಾರು ಮಾಡಿದರು?

ದೊಡ್ಡಮ್ಮನ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಆ ಸೀಮೆಯ ಮಳೆ ಗೊತ್ತಿದ್ದವರಿಗೆ ಹಳ್ಳದ ಗಾತ್ರ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಮೊದಲು ಅಡಿಕೆ ಮರದ ಕಾಂಡಗಳನ್ನು ಜೋಡಿಸಿದ ಸಂಕ ಇತ್ತು, ಈಗ ಕಿರಿದಾದ ಸಿಮೆಂಟಿನ ಹಾಸು ಬಂದಿದೆ, ಕೈ ಹಿಡಿಯಲು ಏನೂ ಇಲ್ಲ. ಎಲ್ಲರೂ ಅದನ್ನು ಈಗಲೂ ಸಂಕ ಎಂದೇ ಕರೆಯುತ್ತಾರೆ. ದೊಡ್ಡಮ್ಮ ಮದುವೆಯಾಗಿ ಬಂದ ಕಾಲದಿಂದ ಅದನ್ನು ದಾಟಿದ್ದಾರೆ: ತಲೆಯ ಮೇಲೆ ಸೊಪ್ಪಿನ ಹೊರೆ, ಸೊಂಟದಲ್ಲಿ ಕೂಸು, ಬಾಯಿಯಲ್ಲಿ ಹಿಂದೆ ಬರುವವರ ಜೊತೆ ಜಗಳ. ಈಗ ಅವರು ಸಂಕದ ಮೇಲಿರುವಾಗ ಮಕ್ಕಳು ಏನಾದರೂ ಕೇಳಿದರೆ ನಿಂತುಬಿಡುತ್ತಾರೆ. ಉತ್ತರವಿಲ್ಲ. ದಾಟಿದ ಮೇಲೆ ತಿರುಗಿ, “ಏನು ಕೇಳಿದೆಯೋ?” ಎನ್ನುತ್ತಾರೆ. ಅಜ್ಜಿಗೆ ಕಿವಿ ಮಂದವಾಗಿದೆ ಎಂದು ಮೊಮ್ಮಕ್ಕಳು ತೀರ್ಮಾನಿಸಿಬಿಟ್ಟಿದ್ದರು. ಅಡುಗೆ ಮನೆಯಿಂದ ಜಗಲಿಯ ಗುಸುಗುಸು ಹಿಡಿಯುವ ಕಿವಿ ಅದು!

ಸ್ವೀಡನ್ನಿನಲ್ಲಿ ಇದನ್ನೇ ಪರೀಕ್ಷೆ ಮಾಡಿದವರಿದ್ದಾರೆ. 1997ರಲ್ಲಿ ಪ್ರಕಟವಾದ, ಒಂದೇ ಪುಟದಷ್ಟು ಸರಳವಾದ ಅಧ್ಯಯನ. ವೃದ್ಧರ ವಸತಿಯಲ್ಲಿದ್ದ 58 ಮಂದಿಯ ಜೊತೆ ನಡೆಯುತ್ತ ಸಂಶೋಧಕರು ಮಾತು ತೆಗೆದರು. 12 ಮಂದಿ ಮಾತನಾಡಲು ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ನಿಲ್ಲಿಸದೆ ನಡೆದವರಲ್ಲಿ ಬಹುಪಾಲು ಜನ ಬೀಳಲಿಲ್ಲ. ದುಬಾರಿ ಯಂತ್ರವಿಲ್ಲ, ಸ್ಕ್ಯಾನಿಂಗ್ ಇಲ್ಲ. ಮಾತು ಮತ್ತು ನಡಿಗೆ ಒಂದೇ ಬೊಕ್ಕಸದಿಂದ ಖರ್ಚಾಗುತ್ತಿವೆಯೇ ಎಂದು ನೋಡಿದ್ದಷ್ಟೇ.

ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ತಾನಾಗಿ ಆಗುತ್ತಿದ್ದ ಕೆಲಸವನ್ನು ಈಗ ಗಮನ ಕೊಟ್ಟು ಮಾಡಲಾಗುತ್ತಿದೆ. ಕಿರುಮೆದುಳಿನ ಅಂದಾಜು ಮೊದಲಿನಷ್ಟು ಖಚಿತವಲ್ಲದಾಗ ಹಣೆಯ ಹಿಂದಿನ ಮೆದುಳು ಆ ಹೊಣೆ ಹೊರುತ್ತದೆ. ಯುವಕರೂ ವೃದ್ಧರೂ ಒಂದೇ ಸರಳ ಚಲನೆ ಮಾಡುವಾಗ ಮೆದುಳಿನ ಚಿತ್ರ ತೆಗೆದರೆ, ವೃದ್ಧರಲ್ಲಿ ಮುಂದಿನ ಭಾಗಗಳು ಹೆಚ್ಚು ದುಡಿಯುತ್ತಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕದ ಜೆಸ್ಸಿಕಾ ಬರ್ನಾರ್ಡ್ ಮತ್ತು ರೇಚೆಲ್ ಸೈಡ್ಲರ್ 2014ರಲ್ಲಿ ಈ ಎಳೆಗಳನ್ನು ಒಟ್ಟು ಮಾಡಿ, ವಯಸ್ಸಿನ ಜೊತೆ ಬರುವ ಚಲನೆಯ ಕುಂದು ಮತ್ತು ಯೋಚನೆಯ ಕುಂದು ಎರಡರ ಬುಡದಲ್ಲೂ ಕಿರುಮೆದುಳು ಇರಬಹುದು ಎಂದು ವಾದಿಸಿದರು. ಇದು ಪೂರ್ತಿ ಸಾಬೀತಾದ ಸಿದ್ಧಾಂತವಲ್ಲ. ಆದರೆ ಸಂಕದ ಮೇಲೆ ನಿಂತ ದೊಡ್ಡಮ್ಮನ ಮೌನವನ್ನು ಇಷ್ಟು ಗೌರವದಿಂದ ವಿವರಿಸುವ ಬೇರೆ ಮಾತು ನನಗೆ ಸಿಕ್ಕಿಲ್ಲ. ಆಕೆಗೆ ಕಿವಿಯೂ ಮಂದವಲ್ಲ, ಬುದ್ಧಿಯೂ ಮಂದವಲ್ಲ. ಇರುವ ಗಮನವನ್ನು ಕಾಲಿಗೆ ಕೊಟ್ಟಿದ್ದಾರೆ. ಉತ್ತರ ಆಮೇಲೂ ಕೊಡಬಹುದು, ಸೊಂಟದ ಮೂಳೆ ಆಮೇಲೆ ಕೂಡಿಸುವುದು ಕಷ್ಟ. ಆಕೆಯ ತೀರ್ಮಾನ ಸರಿಯಾಗಿಯೇ ಇದೆ.

ಯೋಚನೆಗೂ ಕಿರುಮೆದುಳಿಗೂ ಏನು ಸಂಬಂಧ ಎಂದು ನನ್ನ ಕಾಲದ ಅಧ್ಯಾಪಕರು ಹುಬ್ಬೇರಿಸುತ್ತಿದ್ದರು. 1986ರಲ್ಲಿ ಲೈನರ್ ದಂಪತಿ ಮತ್ತು ಡೌ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಮುಂದಿಟ್ಟಾಗ ಹಲವರಿಗೆ ಅದು ಅತಿಯೆನಿಸಿತ್ತು. ಸ್ವಲ್ಪವೇ ವರ್ಷಗಳಲ್ಲಿ ಮೆದುಳಿನ ಚಿತ್ರಗಳು ಬಂದವು. ಒಂದು ನಾಮಪದ ಕೊಟ್ಟು ಅದಕ್ಕೆ ಹೊಂದುವ ಕ್ರಿಯಾಪದ ಹೇಳಿ ಎಂದಾಗ, ಬರೀ ನಾಲಿಗೆ ಆಡಿಸುವುದಕ್ಕೆ ಬೇಕಾದದ್ದಕ್ಕಿಂತ ಬೇರೆಯಾದ ಜಾಗವೊಂದು ಕಿರುಮೆದುಳಿನ ಬಲಭಾಗದಲ್ಲಿ ಬೆಳಗುತ್ತಿತ್ತು. ಪೀಟರ್ ಸ್ಟ್ರಿಕ್ ಮತ್ತು ಸಂಗಡಿಗರು ವೈರಸ್ಸುಗಳನ್ನು ಗುರುತಾಗಿ ಬಳಸಿ ಕೋತಿಗಳ ನರಮಾರ್ಗಗಳನ್ನು ಹಿಂಬಾಲಿಸಿ, ಕಿರುಮೆದುಳಿನಿಂದ ಹಣೆಯ ಹಿಂದಿನ ಮೆದುಳಿಗೆ ಹೋಗಿಬರುವ ದಾರಿಗಳಿವೆ ಎಂದು ತೋರಿಸಿದರು. 1998ರಲ್ಲಿ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್, ಕಿರುಮೆದುಳಿಗಷ್ಟೇ ಹಾನಿಯಾದ ರೋಗಿಗಳಲ್ಲಿ ಯೋಜನೆ ಹಾಕುವುದು, ಪದ ಹುಡುಕುವುದು, ಭಾವನೆಯನ್ನು ಹದದಲ್ಲಿಡುವುದು ತಪ್ಪುವುದನ್ನು ದಾಖಲಿಸಿದರು. ಅಂಥವನ ಕೈ ಲೋಟದ ಆಚೆಗೋ ಈಚೆಗೋ ಬೀಳುವಂತೆ ಮಾತೂ ಗುರಿಯ ಆಚೆಗೋ ಈಚೆಗೋ ಬೀಳುತ್ತದೆ ಎಂಬುದು ಅವರ ವಾದ. ಚಲನೆಯನ್ನು ತಿದ್ದುವ ಲೆಕ್ಕಾಚಾರವೇ ಯೋಚನೆಯನ್ನೂ ತಿದ್ದುತ್ತದೆ. ಕಿರುಮೆದುಳಿನ ಹಿಂದಿನ ಮತ್ತು ಬದಿಯ ಭಾಗಗಳು ಈ ಕೆಲಸದವು. ಅವೂ ವಯಸ್ಸಾದಂತೆ ಕುಗ್ಗುತ್ತವೆ.

ಇಲ್ಲಿ ನನ್ನ ಚಿಕ್ಕಪ್ಪನ ಮಾತು ತೆಗೆಯಬೇಕು. ಅವರು ತಾಳಮದ್ದಳೆಯ ಅರ್ಥಧಾರಿ. ಮೊದಲು ಯಕ್ಷಗಾನಕ್ಕೆ ಬಣ್ಣವನ್ನೂ ಹಚ್ಚುತ್ತಿದ್ದರು. ಧೀಂಗಿಣ ಹಾಕಿದರೆ ಗೆಜ್ಜೆಯ ಸದ್ದು ಊರಾಚೆ ಕೇಳುತ್ತಿತ್ತು ಎಂದು ಅವರೇ ಹೇಳಿಕೊಳ್ಳುತ್ತಾರೆ, ಅದರಲ್ಲಿ ಎಷ್ಟನ್ನು ನಂಬಬೇಕೋ ಅಷ್ಟನ್ನು ನಂಬೋಣ. ಕಾಲು ಸೋತ ಮೇಲೆ ವೇಷ ಬಿಟ್ಟು ಕೂಟದಲ್ಲಿ ಉಳಿದರು. ತಾಳಮದ್ದಳೆಯಲ್ಲಿ ಕುಣಿತವಿಲ್ಲ, ವೇಷವಿಲ್ಲ, ಚಾಪೆಯ ಮೇಲೆ ಕುಳಿತು ಮಾತು. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವರು ಹಾಕಿದ ಮಾತಿನ ಎಳೆಯನ್ನು ಅಲ್ಲೇ ಹಿಡಿದು, ಅಲ್ಲೇ ತಿರುಚಿ, ಅಲ್ಲೇ ಎಸೆಯಬೇಕು. ಎದುರಿನವರ ವಾಕ್ಯ ಮುಗಿಯುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆ ಎಂಬ ಅಂದಾಜು ಸಿಗದಿದ್ದರೆ ಉತ್ತರ ತಡವಾಗುತ್ತದೆ. ತಡವಾದ ಉತ್ತರಕ್ಕೆ ಸಭೆ ನಗುವುದಿಲ್ಲ.

ಚಿಕ್ಕಪ್ಪ ಈಗ ಕೃಷ್ಣನ ಅರ್ಥ ಹೇಳುವುದಿಲ್ಲ. ಭೀಷ್ಮ, ವಿದುರ ಇವರನ್ನು ಆರಿಸಿಕೊಳ್ಳುತ್ತಾರೆ. ಅವರ ಪಾತ್ರಗಳಿಗೆ ನಿಧಾನ ಒಪ್ಪುತ್ತದೆ. ದಶಕಗಳಿಂದ ಹೇಳಿದ ಪೀಠಿಕೆಗಳು ಇಂದಿಗೂ ಹೊಳೆಯಾಗಿ ಹರಿಯುತ್ತವೆ, ಒಂದು ಶ್ಲೋಕ ತಪ್ಪುವುದಿಲ್ಲ. ಹೊಸ ಹುಡುಗನೊಬ್ಬ ಅನಿರೀಕ್ಷಿತವಾಗಿ ಅಡ್ಡಪ್ರಶ್ನೆ ಎಸೆದರೆ ಮಾತ್ರ ಒಂದು ಕ್ಷಣ ಖಾಲಿ ಬೀಳುತ್ತದೆ. ಆ ಖಾಲಿ ಕ್ಷಣವನ್ನು ಭೀಷ್ಮನ ಗಾಂಭೀರ್ಯವೆಂದು ಸಭೆ ಓದಿಕೊಳ್ಳುತ್ತದೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಉತ್ತರ ಸಿಕ್ಕಿರುತ್ತದೆ. ಒಮ್ಮೆ ಕೂಟ ಮುಗಿದ ಮೇಲೆ ಕಷಾಯ ಕುಡಿಯುತ್ತ ಹೇಳಿದರು: “ಮಾತು ಮರೆತಿಲ್ಲ ಕಣೋ, ಹೊತ್ತಿಗೆ ಸಿಗುವುದಿಲ್ಲ.” ನೆನಪು ಬೇರೆ, ಸಮಯ ಬೇರೆ ಎಂಬುದನ್ನು ಹೇಳಲು ನಾನು ಇಡೀ ಒಂದು ಪಾಠ ಮಾಡುತ್ತಿದ್ದೆ. ಅವರ ಆ ವಿಳಂಬಕ್ಕೆ ಕಿರುಮೆದುಳೇ ಕಾರಣ ಎಂದು ಯಾರೂ ಬೆರಳು ತೋರಿಸಿ ಹೇಳಲಾರರು. ವಯಸ್ಸು ಮೆದುಳಿನ ಒಂದೇ ಕೋಣೆಗೆ ಹೊಕ್ಕು ಸುಮ್ಮನೆ ಕೂರುವುದಿಲ್ಲ. ಆದರೆ ಅಂದಾಜು ಮತ್ತು ಹೊತ್ತು ಎಂಬ ಎರಡು ಕೆಲಸಗಳ ಹೆಸರು ಹೇಳಿದರೆ ಕಿರುಮೆದುಳಿನ ಹೆಸರು ಬಾರದೆ ಇರುವುದಿಲ್ಲ.

ಹಳೆಯದು ಗಟ್ಟಿ, ಹೊಸದು ಕಷ್ಟ ಎಂಬ ಈ ಭೇದ ಮಲೆನಾಡಿನಲ್ಲಿ ಎಲ್ಲಿ ನೋಡಿದರೂ ಕಾಣುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕಣ್ಣು ಕತ್ತಿಯ ಮೇಲೆ ಇರುವುದೇ ಇಲ್ಲ. ಕಾಯಿ ತಿರುಗುತ್ತದೆ, ಸಿಪ್ಪೆ ಬೀಳುತ್ತದೆ, ಅಡಿಕೆ ಬುಟ್ಟಿಗೆ ಹಾರುತ್ತದೆ, ನಡುವೆ ಪಕ್ಕದ ಮನೆಯ ಮದುವೆ ಮಾತುಕತೆ ಮುರಿದುಬಿದ್ದ ಕಾರಣಗಳ ವಿಚಾರಣೆ. ಸಂಕದ ಮೇಲೆ ಒಂದು ಪ್ರಶ್ನೆಗೆ ಉತ್ತರ ಹೇಳಲಾರದ ಅದೇ ಹೆಂಗಸು! ಸಾಗರದ ಕಡೆ ದೀವರ ಮನೆಗಳಲ್ಲಿ ಹಸೆಚಿತ್ತಾರ ಬರೆಯುವ ಹಿರಿಯ ಹೆಂಗಸರನ್ನು ನೋಡಿದ್ದೇನೆ. ಪುಂಡಿನಾರಿನ ಕುಂಚ, ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ. ಲೋಟ ಎತ್ತುವಾಗ ಸ್ವಲ್ಪ ನಡುಗುವ ಕೈ ಗೋಡೆಗೆ ಹೋದೊಡನೆ ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುತ್ತದೆ. ಸಾವಿರಾರು ಸಲ ತಿದ್ದಿ ತಿದ್ದಿ ಗಟ್ಟಿಯಾದ ಅಂದಾಜು ಸುಲಭಕ್ಕೆ ಅಳಿಯುವುದಿಲ್ಲ. ಅಡಿಕೆಯ ಆಕಾರ ಬದಲಾಗಿಲ್ಲ, ಗೋಡೆ ಜಾರುವುದಿಲ್ಲ. ಸಂಕ ಹಾಗಲ್ಲ, ಪ್ರತಿ ಮಳೆಗೂ ಅದು ಹೊಸದು, ಜೊತೆಗೆ ಅದರ ಮೇಲೆ ನಡೆಯುವ ಕಾಲುಗಳೂ ಕಳೆದ ವರ್ಷದವಲ್ಲ.

ಹೊಸದನ್ನು ಕಲಿಯುವ ವೇಗ ತಗ್ಗುವುದನ್ನು ಪ್ರಯೋಗಾಲಯದಲ್ಲಿ ಬಹಳ ಸರಳವಾಗಿ ಅಳೆಯುತ್ತಾರೆ. ಒಂದು ಸದ್ದು, ಅದರ ಬೆನ್ನಿಗೆ ಕಣ್ಣಿಗೆ ಮೆಲ್ಲಗೆ ಊದಿದ ಗಾಳಿ. ಹಲವು ಸಲ ಹೀಗಾದ ಮೇಲೆ ಸದ್ದು ಕೇಳಿದೊಡನೆ, ಗಾಳಿ ಬರುವ ಮುಂಚೆಯೇ, ರೆಪ್ಪೆ ಮುಚ್ಚಲು ಕಲಿಯುತ್ತದೆ. ಈ ಕಲಿಕೆಗೆ ಕಿರುಮೆದುಳು ಬೇಕೇ ಬೇಕು. ವಯಸ್ಸಾದವರಿಗೆ ಹೆಚ್ಚು ಸಲ ಊದಬೇಕಾಗುತ್ತದೆ.

ನನ್ನ ಮಟ್ಟಿಗೆ ಆ ಪ್ರಯೋಗ ನಡೆದದ್ದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಹೊಸ ಕನ್ನಡಕ ಹಾಕಿಕೊಂಡು ಹೊರಬಿದ್ದ ದಿನ. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಕಾಣುವ ಜಾತಿಯದು. ತಲೆ ತಿರುಗಿಸಿದರೆ ಅಂಗಡಿಸಾಲು ತೇಲುತ್ತಿತ್ತು, ಚರಂಡಿಯ ಮೇಲಿನ ಚಪ್ಪಡಿ ಇರುವುದಕ್ಕಿಂತ ಮೇಲಕ್ಕೆ ಬಂದಿತ್ತು. ತಲೆ ಆಡಿದಾಗ ನೋಟ ಆಡದಂತೆ ಕಣ್ಣನ್ನು ವಿರುದ್ಧ ದಿಕ್ಕಿಗೆ ತಿರುಗಿಸುವ ಒಂದು ಪ್ರತಿಕ್ರಿಯೆ ನಮ್ಮಲ್ಲಿದೆ. ಎಷ್ಟು ತಿರುಗಿಸಬೇಕೆಂಬ ಅಳತೆಯನ್ನು ಕಿರುಮೆದುಳು ಇಟ್ಟುಕೊಂಡಿರುತ್ತದೆ. ಕನ್ನಡಕ ಬದಲಾದರೆ ಅಳತೆ ಬದಲಾಗಬೇಕು. ಪ್ರಾಯದಲ್ಲಿ ಕನ್ನಡಕ ಬದಲಿಸಿದ ಮರುದಿನವೇ ಅದು ಮರೆತುಹೋಗುತ್ತಿತ್ತು. ಈ ಸಲ ಲೋಕ ಸ್ಥಿರವಾಗಲು ಬಹಳ ಹೊತ್ತು ಹಿಡಿಯಿತು. ಮೆಟ್ಟಿಲು ಇಳಿಯುವಾಗ ಕೆಳಗಿನ ಓದುವ ಗಾಜಿನಿಂದ ನೋಡಬೇಕಾಗುವುದರಿಂದ ಇಂಥ ಕನ್ನಡಕ ಹಾಕಿದ ವೃದ್ಧರು ಹೆಚ್ಚು ಎಡವುತ್ತಾರೆ ಎಂಬುದೂ ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ತೋಟಕ್ಕೆ ಹೋಗುವಾಗ ನಾನೀಗ ದೂರದ ಗಾಜಷ್ಟೇ ಇರುವ ಹಳೆಯ ಕನ್ನಡಕ ಹಾಕಿಕೊಳ್ಳುತ್ತೇನೆ.

ಇಷ್ಟೆಲ್ಲ ಓದಿದವರಿಗೆ ಕಿರುಮೆದುಳು ಬೇಗ ಮುದಿಯಾಗುವ ಅಂಗ ಎನ್ನಿಸಿದರೆ, ಅದಕ್ಕೆ ಅಡ್ಡ ನಿಲ್ಲುವ ಒಂದು ಸಂಗತಿಯಿದೆ. ನಮ್ಮ ಡಿಎನ್‌ಎ ಮೇಲೆ ವಯಸ್ಸಿನ ಜೊತೆ ಕೂಡುತ್ತ ಹೋಗುವ ರಾಸಾಯನಿಕ ಗುರುತುಗಳಿವೆ. ಅವುಗಳನ್ನು ಓದಿ ಅಂಗಾಂಶದ ವಯಸ್ಸು ಹೇಳುವ ಗಡಿಯಾರವನ್ನು ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿ ರೂಪಿಸಿದರು. 2015ರಲ್ಲಿ ಅವರ ತಂಡ ಶತಾಯುಷಿಗಳ ದೇಹದ ಹಲವು ಭಾಗಗಳನ್ನು ಆ ಗಡಿಯಾರದಿಂದ ಓದಿದಾಗ ಎಲ್ಲಕ್ಕಿಂತ ಎಳೆಯದಾಗಿ ಕಂಡದ್ದು ಕಿರುಮೆದುಳು, ನಿಜ ವಯಸ್ಸಿಗಿಂತ ಸುಮಾರು 15 ವರ್ಷ ಚಿಕ್ಕದು. ಒಂದು ಲೆಕ್ಕದಲ್ಲಿ ಕೋಶಗಳು ಉದುರುತ್ತಿವೆ, ಇನ್ನೊಂದು ಲೆಕ್ಕದಲ್ಲಿ ಅದೇ ಅಂಗ ತಾರುಣ್ಯ ಉಳಿಸಿಕೊಂಡಿದೆ. ಎರಡು ಅಳತೆಗಳು ಅಳೆಯುವುದು ಬೇರೆ ಬೇರೆಯನ್ನು, ಆದ್ದರಿಂದ ಎರಡೂ ಸರಿಯಿರಬಹುದು. ಆದರೆ ಪತ್ರಿಕೆಯ ಯಾವುದೋ ಮೂಲೆಯಲ್ಲಿ ಇವುಗಳಲ್ಲಿ ಒಂದನ್ನಷ್ಟೇ ಓದಿ ಗಾಬರಿಯಾಗುವುದು ಅಥವಾ ಬೀಗುವುದು ಎರಡೂ ಬೇಡ.

ಮತ್ತೊಂದು ಗೊಣಗಾಟ. ಮುಪ್ಪಿನ ಮೆದುಳಿನ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಯುರೋಪು, ಅಮೆರಿಕದ ನಗರವಾಸಿಗಳ ಮೆದುಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಬಹಳ ಒಳ್ಳೆಯ ಕೆಲಸ. ಅವರು ಯಾವಾಗಲಾದರೂ ಘಟ್ಟದ ಕಡೆಗೂ ಬರಲಿ ಎಂಬುದು ನನ್ನ ಆಸೆ. ಏರು, ಇಳಿಜಾರು, ಬದು, ಸಂಕಗಳ ಮೇಲೆ ಎಂಬತ್ತು ವರ್ಷ ನಡೆದ ಕಿರುಮೆದುಳು ಬಯಲುಸೀಮೆಯ ಕಿರುಮೆದುಳಿಗಿಂತ ಬೇರೆಯೇ, ಯಾರಾದರೂ ನೋಡಬೇಕು.

ಎಲ್ಲ ತೂರಾಟವನ್ನೂ ಕಿರುಮೆದುಳಿನ ತಲೆಗೆ ಕಟ್ಟುವುದೂ ಅನ್ಯಾಯ. ನೆಟ್ಟಗೆ ನಿಲ್ಲಲು ಒಳಕಿವಿ, ಕಣ್ಣು, ಅಂಗಾಲಿನ ಸ್ಪರ್ಶ, ತೊಡೆಯ ಬಲ ಎಲ್ಲವೂ ಬೇಕು. ಸಕ್ಕರೆ ಕಾಯಿಲೆ ಅಂಗಾಲಿನ ನರಗಳನ್ನು ಮಂಕಾಗಿಸುತ್ತದೆ, ಬಿ12 ಕೊರತೆಯೂ ಹಾಗೆಯೇ, ರಕ್ತದೊತ್ತಡದ ಮಾತ್ರೆ ಎದ್ದೊಡನೆ ತಲೆ ಸುತ್ತಿಸಬಹುದು. ಸಂಜೆಯ ಪಾನೀಯದ ಅಭ್ಯಾಸವಿದ್ದವರಿಗೆ ಇನ್ನೊಂದು ಮಾತು: ಮದ್ಯ ಮೊದಲು ಕೆಡಿಸುವ ಕೆಲಸಗಳಲ್ಲಿ ಕಿರುಮೆದುಳಿನದೂ ಒಂದು. ಕುಡಿದವರನ್ನು ಪೊಲೀಸರು ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಸುವ ಪದ್ಧತಿ ಹೊರದೇಶಗಳಲ್ಲಿದೆ. ನರವೈದ್ಯರು ಕಿರುಮೆದುಳನ್ನು ಪರೀಕ್ಷಿಸಲು ಮಾಡಿಸುವುದೂ ಅದನ್ನೇ. ಮುಖ್ಯವಾದದ್ದು ಇದು: ಮುಪ್ಪಿನ ಬದಲಾವಣೆ ವರ್ಷಗಳಲ್ಲಿ ಬರುತ್ತದೆ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಲ್ಲಲಾಗದೆ, ವಾಂತಿಯಾಗಿ, ಮಾತು ತೊದಲಿ, ಒಂದು ವಸ್ತು ಎರಡಾಗಿ ಕಂಡರೆ ಅದು ವಯಸ್ಸಲ್ಲ, ಕಿರುಮೆದುಳಿನ ಪಾರ್ಶ್ವವಾಯು ಇರಬಹುದು. ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಕಡೆಯ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆಯುವ ಒಂದು ಕೆಡುಕಿದೆ. ಹಿರಿಯರು ಒಮ್ಮೆ ಎಡವಿದರೆ ಸಾಕು: “ಇನ್ನು ತೋಟಕ್ಕೆ ಬೇಡ, ಕೂತಿರಿ.” ಒಂದು ಕುರ್ಚಿ, ಒಂದು ಟಿವಿ, ಕೇಳಿದಲ್ಲಿಗೆ ಕಾಫಿ. ತಿದ್ದಿಕೊಳ್ಳುತ್ತಲೇ ಬದುಕುವ ಅಂಗಕ್ಕೆ ತಿದ್ದಲು ಏನೂ ಕೊಡದೆ ಕೂರಿಸುವುದು ಇದು. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮ ಮಾಡುವ ವೃದ್ಧರಲ್ಲಿ ಬೀಳುವ ಪ್ರಮಾಣ ಶೇಕಡಾ 23ರಷ್ಟು ಕಡಿಮೆ. ಎಲ್ಲ ವ್ಯಾಯಾಮವೂ ಸಮನಲ್ಲ. ಸಮತೋಲನಕ್ಕೆ ಸವಾಲು ಹಾಕುವಂಥದ್ದು ಬೇಕು. ಬರೀ ನಡಿಗೆಯಿಂದ ಇಷ್ಟು ಲಾಭವಾಗುತ್ತದೆ ಎನ್ನುವುದಕ್ಕೆ ಆ ವಿಮರ್ಶೆಯಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ಮೊಬೈಲಿನಲ್ಲಿ ಮೆದುಳು ಚುರುಕು ಮಾಡುತ್ತೇವೆ ಎಂದು ಬರುವ ಆಟಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆಟ ಆಡಿದವರು ಆ ಆಟದಲ್ಲಿ ಚುರುಕಾಗುತ್ತಾರೆ.

ಇದರ ಇನ್ನೊಂದು ಮಗ್ಗುಲನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಅಂಗಳದಿಂದ ಕೊಟ್ಟಿಗೆಯವರೆಗೆ, ಬಚ್ಚಲಿನವರೆಗೆ ಅಡಿಕೆ ದಬ್ಬೆ ಹಾಸುವುದು ಸುಮ್ಮನೆ ಬಂದ ರೂಢಿಯಲ್ಲ. ದಬ್ಬೆಯ ಮೇಲೆ ಹೆಜ್ಜೆಯ ಅಂದಾಜು ತಪ್ಪುವುದಿಲ್ಲ. ಈಗ ಅಂಗಳಕ್ಕೆ ಸಿಮೆಂಟು, ಬಚ್ಚಲಿಗೆ ನುಣುಪು ಟೈಲ್ಸ್ ಬಂದು ದಬ್ಬೆ ಹೋಗಿದೆ, ಬೀಳುವುದು ಉಳಿದಿದೆ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿ, ಜಗಲಿಯ ಕಿಟಕಿಯ ಸರಳು ಹಿಡಿದುಕೊಂಡು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದನ್ನು ತೋರಿಸಿದೆ. “ನೀನು ಶಿವಮೊಗ್ಗದಲ್ಲಿ ಕಲಿತ ಕುಣಿತ ನನಗೆ ಬೇಡ” ಎಂದರು. ತೋಟಕ್ಕೆ ಹೋಗಿ ಬರುವುದೇ ಸಾಕು ಎಂಬುದು ಅವರ ವಾದ. ಬರೀ ನಡಿಗೆ ಸಾಲದು ಎಂದೆ. “ಬದುವಿನ ಮೇಲೆ ನಡೆದು ನೋಡು, ಆಮೇಲೆ ಬರೀ ನಡಿಗೆ ಅನ್ನು” ಎಂದರು. ನಡೆದು ನೋಡಿದೆ, ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಮಳೆ ಜೋರಿದ್ದ ದಿನ ಸಂಕದ ಆಚೆ ಹೋಗುವುದಿಲ್ಲ. ಉಳಿದ ದಿನ ಊರುಗೋಲು ಹಿಡಿದು ಹೋಗುತ್ತಾರೆ, ಮೊಬೈಲು ಸೊಂಟದ ಚೀಲದಲ್ಲಿ ಇರುತ್ತದೆ. ಅದಕ್ಕೆ ಅವರು ತಾವೇ ಒಂದು ಷರತ್ತು ಸೇರಿಸಿದರು: ಅವರಾಗಿ ಮಾಡುವವರೆಗೆ ಮನೆಯಿಂದ ಯಾರೂ ಫೋನ್ ಮಾಡಬಾರದು, ಮಧ್ಯಾಹ್ನದ ಕಾಫಿಗೂ ಬಾರದಿದ್ದರೆ ಹುಡುಕಿಕೊಂಡು ಬರಬಹುದು. ಸೊಸೆ ಒಪ್ಪಿದ್ದಾಳೆ. ಬೆಂಗಳೂರಿನಲ್ಲಿರುವ ಮಗನೊಬ್ಬ ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಫೋನ್ ಮಾಡುತ್ತಾನೆ, ಅವರು ತೆಗೆಯುವುದಿಲ್ಲ.